ಸಾದಾ ಗಡ್ಡೆ

ಅನುಮಾನ ಪಡುವುದಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಮನುಷ್ಯ ಷಡಕ್ಷರಪ್ಪ. ಭದ್ರಾವತಿಯ ಕಾರ್ಖಾನೆಯಲ್ಲಿ ಎರಕ ಹೊಯ್ದು ಬಂದ ಕಬ್ಬಿಣದ ಕೊಳವೆಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಒಳಗೆಲ್ಲೋ ಗುಳ್ಳೆಯಿದೆ, ಬಿರುಕಿದೆ ಅನ್ನಿಸಿದರೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯುವುದು ಅವನ ಕೆಲಸ. ಎರಕದ ಮನೆಯವರೇನು ಕಡಿಮೆಯವರಲ್ಲ. ಗುಳ್ಳೆ ಬಿದ್ದ ಕಡೆ ಮೇಣ ತುಂಬಿ, ಮೇಲೆ ಮಸಿ ಬಳಿದು, ಮದುವಣಗಿತ್ತಿಯನ್ನು ಕಳಿಸಿದ ಹಾಗೆ ಕಳಿಸುತ್ತಿದ್ದರು. ಷಡಕ್ಷರಪ್ಪ ಹೆಬ್ಬೆರಳಿನ ಉಗುರಿನಲ್ಲಿ ಆ ಮೇಣ ಕಿತ್ತು ಅವರ ಮುಖಕ್ಕೇ ಹಿಡಿಯುತ್ತಿದ್ದ. ಇಪ್ಪತ್ತೊಂದು ವರ್ಷ ಇದನ್ನೇ ಮಾಡಿದ ಮೇಲೆ ಚಾಳಿ ಮೈಗೆ ಹತ್ತದೆ ಇರುತ್ತದೆಯೇ? ಸಂತೆಯಲ್ಲಿ ಕುಂಬಳಕಾಯಿ ತಟ್ಟುವುದು ಸರಿ, ಎಲ್ಲರೂ ತಟ್ಟುತ್ತಾರೆ. ಇವನು ಬೀಗರ ಮನೆಗೆ ಹೋದರೆ ಕೂರುವ ಮೊದಲು ಮಂಚದ ಕಾಲನ್ನೂ ತಟ್ಟುವವನು.

ಅರವತ್ತಾರನೇ ಇಸವಿಯ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಅವನಿಗೆ ಮೂತ್ರದ ಜೊತೆ ಸಬ್ಬಕ್ಕಿ ಗಂಜಿಯಂಥ ಲೋಳೆ ಬಂತು. ಅದರಲ್ಲಿ ಒಂದೆಳೆ ರಕ್ತ. ಇನ್ನೊಬ್ಬನಾಗಿದ್ದರೆ ಉಷ್ಣವಾಗಿದೆ ಎಂದು ಎಳನೀರು ಕುಡಿದು ಸುಮ್ಮನಾಗುತ್ತಿದ್ದ. ನೋವೂ ಇಲ್ಲದೆ, ಉರಿಯೂ ಇಲ್ಲದೆ ಬಂದ ಈ ಲೋಳೆಯನ್ನು ಷಡಕ್ಷರಪ್ಪ ನಂಬಲಿಲ್ಲ. ದಿನಾ ಬೆಳಗಿನದನ್ನು ಒಂದೊಂದು ಸೀಸೆಗೆ ಹಿಡಿದು, ತಾರೀಖಿನ ಚೀಟಿ ಅಂಟಿಸಿ, ಬಚ್ಚಲಮನೆಯ ಹಿಂದಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಒಂಬತ್ತನೆಯ ದಿನ ಆ ಸಾಲು ಅವನ ಹೆಂಡತಿ ಬಸವರಾಜೇಶ್ವರಿಯ ಕಣ್ಣಿಗೆ ಬಿತ್ತು.

"ಏನ್ರೀ ಇದು ಅಸಹ್ಯ! ನನ್ನ ಹರಳೆಣ್ಣೆ ಸೀಸೆನೂ ಬಿಡ್ಲಿಲ್ವಲ್ಲ ನೀವು!"

"ಮುಟ್ಬೇಡ. ಅದು ಸ್ಯಾಂಪಲ್ಲು."

"ಸ್ಯಾಂಪಲ್ಲಂತೆ! ಡಾಕ್ಟ್ರಿಗೆ ತೋರ್ಸೋದು ಬಿಟ್ಟು ಕ್ವಾರ್ಟರ್ಸಿನೋರಿಗೆಲ್ಲ ಕಾಣೋ ಹಂಗೆ ಇಟ್ಟಿದ್ದೀರಲ್ಲ ಮಾರಾಯ್ರೆ, ನಿಮಗೇನು ತಲೆ ಸರಿಯಿದೆಯಾ?"

ಅವಳು ಹಾಗೆಯೇ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡನ ಒಂದು ಮಾತಿಗೂ ಉತ್ತರ ಕೊಡದೆ ಬಿಟ್ಟವಳಲ್ಲ. ಮರುದಿನವೇ ಅವನನ್ನು ಎಬ್ಬಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದಳು. ಸೀಸೆಗಳ ಚೀಲ ಷಡಕ್ಷರಪ್ಪನ ತೊಡೆಯ ಮೇಲೆ ದಾರಿಯುದ್ದಕ್ಕೂ ಕಿಣಿಕಿಣಿ ಎನ್ನುತ್ತಿತ್ತು. ಪಕ್ಕದಲ್ಲಿ ಕೂತವನು ಯಾವ ಕಷಾಯ ಎಂದು ಕೇಳಿದ್ದಕ್ಕೆ ಅವನು ಚೀಲದ ಬಾಯಿ ಬಿಗಿಹಿಡಿದ.

ದುರ್ಗಿಗುಡಿಯಲ್ಲಿ ಮುರುಗೇಶಪ್ಪ ಎಂಬ ಸರ್ಜನ್ ಹತ್ತು ಮಂಚದ ಒಂದು ನರ್ಸಿಂಗ್ ಹೋಂ ಇಟ್ಟಿದ್ದರು. ಮದರಾಸಿನಲ್ಲಿ ಕಲಿತು ಬಂದವರು, ಮಾತು ಕಡಿಮೆ. ತಾರೀಖು ಹಾಕಿದ ಒಂಬತ್ತು ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿ, "ಹೀಗೆ ತಂದ ಪೇಷೆಂಟ್ ನೀವೇ ಮೊದಲು ನೋಡಿ" ಎಂದರು. ಎರಡು ದಿನ ಬಿಟ್ಟು, ತುದಿಯಲ್ಲಿ ದೀಪವಿರುವ ನಳಿಕೆ ಒಳಗೆ ಬಿಟ್ಟು ಮೂತ್ರಕೋಶ ಪರೀಕ್ಷೆ ಮಾಡಿದರು. ಚಿಟಿಕೆಯಷ್ಟು ಮಾಂಸ ಕಿತ್ತು ಬೆಂಗಳೂರಿಗೆ ಕಳಿಸಿದರು. ವಾರ ಕಳೆದು ಮತ್ತೆ ಬರಹೇಳಿದಾಗ, ಬಸವರಾಜೇಶ್ವರಿಯನ್ನೂ ಅವಳ ತಮ್ಮ ಕೊಟ್ರಬಸಪ್ಪನನ್ನೂ ಒಳಗೆ ಕರೆದರು. ಕೊಟ್ರಬಸಪ್ಪನಿಗೆ ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿ. ಷಡಕ್ಷರಪ್ಪನನ್ನು ಮಾತ್ರ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಕಾಯಿಲೆ ತನ್ನದು, ಒಳಗೆ ಕೂತವರು ಅವರು. ಇದೆಂಥ ನ್ಯಾಯ ಎಂದು ಅವನು ಗೋಡೆಯ ಗಡಿಯಾರ ನೋಡುತ್ತ ಕೂತ.

ಅರ್ಧ ಗಂಟೆಯ ಮೇಲೆ ಇಬ್ಬರೂ ಹೊರಗೆ ಬಂದರು.

"ಏನಂತೆ?"

"ಏನಿಲ್ಲ ಭಾವ, ಸಾದಾ ಗಡ್ಡೆ. ಆಪರೇಷನ್ ಮಾಡಿ ತೆಗೆದ್ರೆ ಆಯ್ತು" ಎಂದ ಕೊಟ್ರಬಸಪ್ಪ.

"ಸಾದಾ ಗಡ್ಡೆ ಅನ್ನೋಕೆ ಅರ್ಧ ಗಂಟೆ ಬೇಕಾ?"

"ಡಾಕ್ಟ್ರು ನಮ್ಮ ಕಡೆಯೋರೇ. ಹಂಗೇ ಮಾತಾಡ್ತಾ ಕೂತ್ವಿ."

"ನಿನ್ನ ಕಣ್ಣಿಗೇನಾಯ್ತು?" ಎಂದು ಹೆಂಡತಿಯನ್ನು ಕೇಳಿದ.

"ಧೂಳು ಬಿತ್ತು" ಎಂದಳು ಅವಳು, ಸೆರಗಿನಿಂದ ಒತ್ತಿಕೊಳ್ಳುತ್ತ.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಧೂಳು ಎಲ್ಲಿತ್ತು ಎಂದು ಅವನು ಕೇಳಲಿಲ್ಲ. ಮನಸ್ಸಿನಲ್ಲಿ ಬರೆದಿಟ್ಟುಕೊಂಡ.

ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಅವನನ್ನೇ ಕೂರಿಸಿಕೊಂಡು, ಮೂತ್ರಕೋಶದ ಮೇಲ್ಭಾಗದ ಜೊತೆ ಹೊಕ್ಕುಳನ್ನೂ ತೆಗೆಯಬೇಕಾಗುತ್ತದೆ ಎಂದಾಗ ಅವನು ಬೆಚ್ಚಿಬಿದ್ದ.

"ಹೊಕ್ಕುಳು ಯಾಕೆ ಡಾಕ್ಟ್ರೆ? ಗಡ್ಡೆ ಇರೋದು ಕೆಳಗೆ ತಾನೆ?"

ಡಾಕ್ಟರು ಕಾಗದದ ಮೇಲೆ ಗೆರೆ ಹಾಕಿ ತೋರಿಸಿದರು. "ನೀವು ತಾಯಿ ಹೊಟ್ಟೇಲಿದ್ದಾಗ ಹೊಕ್ಕುಳಿಂದ ಮೂತ್ರಕೋಶಕ್ಕೆ ಒಂದು ದಾರಿ ಇತ್ತು. ಎಲ್ಲರಿಗೂ ಇರುತ್ತೆ. ಹುಟ್ಟೋ ಹೊತ್ತಿಗೆ ಮುಚ್ಚಿಕೊಂಡು ದಾರದ ಹಾಗೆ ಉಳಿಯುತ್ತೆ. ನಿಮ್ಮ ಗಡ್ಡೆ ಬೆಳೆದಿರೋದು ಆ ದಾರದ ಬುಡದಲ್ಲಿ. ಬುಡ ತೆಗೆದು ದಾರ ಬಿಟ್ರೆ ಮತ್ತೆ ಬರುತ್ತೆ. ಅದಕ್ಕೆ ಬುಡ, ದಾರ, ಹೊಕ್ಕುಳು ಮೂರನ್ನೂ ಒಟ್ಟಿಗೆ ತೆಗೀಬೇಕು. ಬಹಳ ಅಪರೂಪದ್ದು. ನಾನೇ ಪುಸ್ತಕದಲ್ಲಿ ಓದಿದ್ದೆ ಅಷ್ಟೆ, ನೋಡ್ತಿರೋದು ಇದೇ ಮೊದಲು."

ದಾರಿಯ ವಿಷಯ ಷಡಕ್ಷರಪ್ಪನಿಗೆ ಚೆನ್ನಾಗಿಯೇ ತಿಳಿಯಿತು. ಅಚ್ಚಿಗೆ ಲೋಹ ಹರಿಯುವ ಕಾಲುವೆಯಲ್ಲಿ ಕಸ ಉಳಿದರೆ ಎರಕ ಕೆಡುವುದನ್ನು ಅವನು ದಿನಾ ಕಂಡವನು. ಆದರೆ ಡಾಕ್ಟರ ಕೊನೆಯ ಮಾತು ಮುಳ್ಳಿನಂತೆ ಚುಚ್ಚಿತು. ಬಾಮೈದ ಸಾದಾ ಅಂದಿದ್ದ, ಇವರು ಅಪರೂಪ ಅನ್ನುತ್ತಾರೆ. ಒಂದೇ ಗಡ್ಡೆ ಎರಡೂ ಆಗಲು ಸಾಧ್ಯವಿಲ್ಲ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ.

ಅಂದು ಮಧ್ಯಾಹ್ನ ಅವನು ಮಂಚದ ಮೇಲೆ ಕೂತು, ಕೊರಳಿನ ಶಿವದಾರ ಹಿಡಿದುಕೊಂಡು ಹೆಂಡತಿಯನ್ನು ಕೇಳಿದ. "ಲಿಂಗ ಹೊಕ್ಕುಳಿಗಿಂತ ಕೆಳಗೆ ಇಳೀಬಾರದು ಅಂತ ದೀಕ್ಷೆ ಕೊಟ್ಟ ದಿನಾನೇ ಅಯ್ಯನೋರು ಹೇಳಿದ್ರು. ಹೊಕ್ಕುಳೇ ಇಲ್ಲದೋನು ಯಾವ ಗುರುತು ನೋಡ್ಕೊಂಡು ದಾರ ಕಟ್ಕೋಬೇಕು?"

ಬೇರೆ ದಿನವಾಗಿದ್ದರೆ ಅವಳು, ಎದೆ ಎಲ್ಲಿದೆ ಅಂತಾದರೂ ಗೊತ್ತಿದೆಯೇ ನಿಮಗೆ, ಎಂದು ಝಾಡಿಸುತ್ತಿದ್ದಳು. ಅಂಥ ಉತ್ತರಕ್ಕೇ ಅವನು ಕಾದು ಕೂತಿದ್ದ.

"ನೀವು ಹೆಂಗೆ ಹೇಳಿದ್ರೆ ಹಂಗೆ ಮಾಡೋಣ ರೀ" ಎಂದಳು ಬಸವರಾಜೇಶ್ವರಿ ಮೆಲ್ಲಗೆ.

ಷಡಕ್ಷರಪ್ಪ ಹೆದರಿದ. ಆಪರೇಷನ್ನಿಗೂ ಅವನು ಅಷ್ಟು ಹೆದರಿರಲಿಲ್ಲ.

ಮರುದಿನ ನರ್ಸ್ ವೇದಾವತಿ ಲಿಂಗವನ್ನು ತೆಗೆಸದೆ, ಮರುಮಾತಾಡದೆ, ತಾನೇ ಬಟ್ಟೆಯ ಪಟ್ಟಿಯಲ್ಲಿ ಅವನ ತೋಳಿಗೆ ಕಟ್ಟಿದಳು. ಈ ಮರ್ಯಾದೆಯೂ ಅನುಮಾನಕ್ಕೆ ಸೇರಿತು. ಬೆನ್ನಿಗೆ ಸೂಜಿ ಹಾಕಿ ಎದೆಯ ಕೆಳಗೆಲ್ಲ ಮರಗಟ್ಟಿಸಿದರು, ಆದರೆ ಎಚ್ಚರವಿತ್ತು. ಮುಖದ ಮುಂದೆ ಹಸಿರು ಬಟ್ಟೆ. ಕಣ್ಣಿಗೆ ಕೆಲಸವಿಲ್ಲದಾಗ ಅವನು ಕಿವಿಯನ್ನು ನಂಬುವವನು. ಕತ್ತರಿಯ ಸದ್ದು, ತಟ್ಟೆಯ ಸದ್ದು, ಡಾಕ್ಟರ ಉಸಿರು ಎಲ್ಲವನ್ನೂ ಕೇಳುತ್ತ ಮಲಗಿದ್ದ. ಒಂದು ಗಂಟೆಯ ಮೇಲೆ ಡಾಕ್ಟರು "ಛೆ!" ಎಂದರು. ಆಮೇಲೆ ಕತ್ತರಿ, ತಟ್ಟೆಗಳ ಸದ್ದು ಅವಸರವಾಯಿತು.

ಆ ಒಂದು "ಛೆ"ಯನ್ನು ಅವನು ಮನೆಗೆ ತೆಗೆದುಕೊಂಡು ಹೋದ. ಗಾಯ ಮಾಯಿತು, ನಳಿಕೆ ತೆಗೆದರು, ಮೂತ್ರ ತಿಳಿಯಾಯಿತು. ಹೊಕ್ಕುಳಿದ್ದ ಕಡೆ ಹೊಲಿಗೆಯ ಗೆರೆ ಮಾತ್ರ ಉಳಿಯಿತು. ಎಲ್ಲ ಸರಿಯಿದ್ದ ಮೇಲೆ ಆ "ಛೆ" ಯಾಕೆ? ಕೆಲಸ ಕೆಟ್ಟಾಗ ಎರಕದ ಮನೆಯಲ್ಲಿ ಜನ ಹಾಗೆಯೇ ಅನ್ನುತ್ತಿದ್ದರು, ಆಮೇಲೆ ಮೇಣ ಹುಡುಕುತ್ತಿದ್ದರು.

ಮೇಣವೂ ಬಂತು. ಸಂಕ್ರಾಂತಿ ಕಳೆದ ಮೇಲೆ ಡಾಕ್ಟರು ತಿಂಗಳಿಗೆ ಐದು ದಿನದಂತೆ ಆರು ತಿಂಗಳು ಇಂಜೆಕ್ಷನ್ ಎಂದರು. "ಶಕ್ತಿಗೆ ಭಾವ. ರಕ್ತ ಕಮ್ಮಿಯಾಗಿದೆಯಲ್ಲ, ಬೊಂಬಾಯಿಂದ ತರಿಸಿರೋ ಟಾನಿಕ್ಕು" ಎಂದು ಕೊಟ್ರಬಸಪ್ಪ ವಿವರಿಸಿದ. ಆ ಐದು ದಿನವೂ ಇಳಿದುಕೊಳ್ಳುವುದು ಅವನ ಮನೆಯಲ್ಲೇ. ಮೊದಲ ಸಲದ ಇಂಜೆಕ್ಷನ್ ಮುಗಿದು ವಾರವಾಗುವಷ್ಟರಲ್ಲಿ ಬಾಯೊಳಗೆಲ್ಲ ಹುಣ್ಣು, ಮಜ್ಜಿಗೆ ಅನ್ನವೂ ಉರಿಯುತ್ತಿತ್ತು. ದಿನಕ್ಕೆ ಎಂಟು ಸಲ ಭೇದಿ. ಎರಡನೆಯ ಸಲ ಆದ ಮೇಲೆ, ಸೂಜಿ ಚುಚ್ಚಿದ ಜಾಗದಿಂದ ಮೊಣಕೈವರೆಗೂ ನರ ಕಪ್ಪಗೆ ಗೆರೆ ಎಳೆದ ಹಾಗೆ ಕಾಣಿಸಿತು. ಶಕ್ತಿ ಕೊಡುವ ಔಷಧಿಯಿಂದ ಎದ್ದು ನಿಲ್ಲಲಾಗದ ಮನುಷ್ಯನನ್ನು ಜಗತ್ತಿನಲ್ಲಿ ಯಾರು ಕಂಡಿದ್ದಾರೆ? ಎಳೆಮಗುವಾದರೂ ಅನುಮಾನ ಪಡುತ್ತಿತ್ತು, ಇವನಂತೂ ಷಡಕ್ಷರಪ್ಪ.

ಅದಕ್ಕಿಂತ ಹೆಚ್ಚಾಗಿ ಜನರು ತೋರಿಸುತ್ತಿದ್ದ ಪ್ರೀತಿ ಅವನಿಗೆ ಸಹಿಸಲಾಗಲಿಲ್ಲ. ಆಯನೂರಿಗೆ ಕೊಟ್ಟ ಮಗಳು ಕಾರಣ ಹೇಳದೆ ಬಂದು ಹದಿನೈದು ದಿನ ಕೂತು ಹೋದಳು. ಎರಕದ ಮನೆಯ ಜಟ್ಟಪ್ಪ, ಯಾರ ಕೊಳವೆಗಳಿಗೆ ಅವನು ಅತಿ ಹೆಚ್ಚು ಅಡ್ಡಗೆರೆ ಎಳೆದಿದ್ದನೋ ಅದೇ ಜಟ್ಟಪ್ಪ, ಕಿತ್ತಲೆಹಣ್ಣು ತಂದಿಟ್ಟು, ಕಾಲು ಮುಟ್ಟಿ, ಕಣ್ಣೊರೆಸಿಕೊಂಡು ಎದ್ದು ಹೋದ. ಹೆಂಡತಿಯಂತೂ ಎಲ್ಲಕ್ಕೂ ಹೂಂ. ಸಾರು ಸಪ್ಪೆ ಎಂದರೆ ಹೂಂ, ಉಪ್ಪು ಜಾಸ್ತಿ ಎಂದರೂ ಹೂಂ. ಒಂದು ದಿನ ಬೇಕೆಂದೇ, ನಿಮ್ಮಪ್ಪನ ಮನೆಯವರೆಲ್ಲ ಕಳ್ಳರು, ಎಂದು ಕೆಣಕಿದ. ಅವಳು ಅವನ ಹಣೆಯ ಬೆವರು ಒರೆಸಿ ಒಳಗೆ ಹೋದಳು.

ಅವನ ಲೆಕ್ಕಾಚಾರ ಕೂಡಿಬಂತು. ಡಾಕ್ಟರು ಒಳಗೆ ಏನೋ ಕೆಡಿಸಿದ್ದಾರೆ. ಅದು ಹೊರಗೆ ಬೀಳಬಾರದೆಂದು ಈ ಇಂಜೆಕ್ಷನ್ನಿನಿಂದ ಮುಚ್ಚುತ್ತಿದ್ದಾರೆ. ಅವರು ಕೊಟ್ರಬಸಪ್ಪನ ಕಡೆಯವರು, ಅದಕ್ಕೇ ಇವರೆಲ್ಲ ಬಾಯಿ ಹೊಲಿದುಕೊಂಡಿದ್ದಾರೆ. ಹೆಂಡತಿಯೂ ಅವರ ಜೊತೆ ಸೇರಿದ್ದಾಳೆ ಅನ್ನುವುದು ಅವನನ್ನು ಹುಣ್ಣಿಗಿಂತ ಹೆಚ್ಚು ನೋಯಿಸುತ್ತಿತ್ತು.

ಎರಡನೆಯ ಸಲದ ಕೊನೆಯ ದಿನವೇ ಅವನು ಖಾಲಿಯಾದ ಒಂದು ಗಾಜಿನ ಕುಪ್ಪಿಯನ್ನೂ ಅದರ ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿಯನ್ನೂ ತಟ್ಟೆಯಿಂದ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಓಡಾಡುವಂತಾದ ಮೇಲೆ ನೇರ ಕಾರ್ಖಾನೆಯ ಪ್ರಯೋಗಶಾಲೆಗೆ ಹೋದ. ಅಲ್ಲಿ ಕಬ್ಬಿಣದ ಪುಡಿ ಪರೀಕ್ಷೆ ಮಾಡುವ ಓಂಕಾರಪ್ಪ ಬಿ.ಎಸ್ಸಿ. ಓದಿದವನು, ಮುಖದ ಮೇಲೆ ಹೊಡೆದ ಹಾಗೆ ಮಾತಾಡುವವನು. ಓಂಕಾರಪ್ಪ ಚೀಟಿಯನ್ನು ಎರಡು ಸಲ ಓದಿದ. ಮಡಿಸಿದ. ಮತ್ತೆ ಬಿಚ್ಚಿ ಓದಿದ.

"ಏನಪ್ಪ ಅದು?"

"ಟಾನಿಕ್ಕೇ ಕಣೋ" ಎಂದ ಓಂಕಾರಪ್ಪ, ಕಿಟಕಿಯ ಕಡೆ ನೋಡುತ್ತ. ಆಮೇಲೆ ತಾನು ಎದ್ದು, "ಕೂತ್ಕೋ ಮಾರಾಯ, ನಿಂತೇ ಇದ್ದೀಯಲ್ಲ" ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟ.

ಮೇಲಧಿಕಾರಿ ಬಂದರೂ ಆ ಕುರ್ಚಿ ಬಿಟ್ಟು ಏಳುವವನಲ್ಲ ಓಂಕಾರಪ್ಪ. ಇವನನ್ನೂ ಕೊಂಡುಕೊಂಡುಬಿಟ್ಟರು ಎಂದು ಷಡಕ್ಷರಪ್ಪ ಕೂರದೆ ಹೊರಟು ಬಂದ. ಮೂರನೆಯ ಸಲದ ಇಂಜೆಕ್ಷನ್ ತೆಗೆದುಕೊಳ್ಳುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿದ. ಬರೀ ಬೇಡ ಅಂದರೆ ಸಾಲದು, ಮೋಸವನ್ನು ಅವರ ಕಣ್ಣೆದುರೇ ಬಯಲು ಮಾಡಿ ಬರಬೇಕು. ಅದಕ್ಕೊಂದು ಪರೀಕ್ಷೆಯನ್ನೂ ಯೋಚಿಸಿಟ್ಟುಕೊಂಡ.

ಏಪ್ರಿಲ್ ಮೊದಲ ವಾರ, ಬೆಳಿಗ್ಗೆ ಹತ್ತು ಗಂಟೆ. ಇಂಜೆಕ್ಷನ್ ಕೋಣೆಯಲ್ಲಿ ವೇದಾವತಿ ತಟ್ಟೆ ಸಿದ್ಧಮಾಡಿ ನಿಂತಿದ್ದಳು. ಡಾಕ್ಟರು ಕುಪ್ಪಿಯ ಕತ್ತು ಮುರಿದು ಔಷಧಿಯನ್ನು ಸಿರಿಂಜಿಗೆ ಎಳೆದುಕೊಂಡರು. ಬಸವರಾಜೇಶ್ವರಿಯೂ ಕೊಟ್ರಬಸಪ್ಪನೂ ಬಾಗಿಲ ಹತ್ತಿರ. ಷಡಕ್ಷರಪ್ಪ ಸ್ಟೂಲಿನ ಮೇಲೆ ಕೂರಲಿಲ್ಲ.

"ಡಾಕ್ಟ್ರೆ, ಇದು ಶಕ್ತಿ ಇಂಜೆಕ್ಷನ್ ತಾನೆ?"

ಡಾಕ್ಟರು ಒಂದು ಕ್ಷಣ ತಡೆದು ಕೊಟ್ರಬಸಪ್ಪನ ಮುಖ ನೋಡಿದರು. "ಹೂಂ" ಎಂದರು.

"ಹಂಗಾದ್ರೆ ಇವತ್ತಿಂದು ನಮ್ಮನೆಯವಳಿಗೆ ಹಾಕಿ. ನೋಡಿ, ಹೆಂಗೆ ಇಳಿದು ಹೋಗಿದ್ದಾಳೆ. ಬಳೆ ಮೊಣಕೈವರೆಗೂ ಏರ್ತಾವೆ. ಶಕ್ತಿ ಬೇಕಾಗಿರೋದು ಅವಳಿಗೆ."

ಹೇಳಿ ಅವನು ಹೆಂಡತಿಯ ಮುಖವನ್ನೇ ನೋಡಿದ. ಹಿಂದೆ ಸರಿಯುತ್ತಾಳೆ, ಅಳುತ್ತಾಳೆ, ಇಲ್ಲದ ನೆಪ ಹೇಳುತ್ತಾಳೆ, ಆಗ ಕಳ್ಳತನ ಸಿಕ್ಕಿಬೀಳುತ್ತದೆ. ಅದೇ ಅವನ ಪರೀಕ್ಷೆ.

ಬಸವರಾಜೇಶ್ವರಿ ಸೆರಗು ಸಿಕ್ಕಿಸಿಕೊಂಡು ಬಂದಳು. ಸ್ಟೂಲಿನ ಮೇಲೆ ಕೂತು, ಬಳೆಗಳನ್ನು ಮೇಲಕ್ಕೆ ಸರಿಸಿ, ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟಳು.

"ಹಾಕಿ ಡಾಕ್ಟ್ರೆ. ನಾನು ತಗೊಂಡ ಮೇಲೆ ಅವರೂ ತಗೋತಾರೆ."

"ಅಕ್ಕಾ!" ಎಂದು ಕೊಟ್ರಬಸಪ್ಪ ಕೂಗಿದ.

ಷಡಕ್ಷರಪ್ಪನಿಗೆ ಅರ್ಥವಾಗಲಿಲ್ಲ. ತಾನು ಹಾಕಿದ ಲೆಕ್ಕದಲ್ಲಿ ಹೀಗೊಂದು ಉತ್ತರವೇ ಇರಲಿಲ್ಲ.

ಡಾಕ್ಟರು ಸಿರಿಂಜನ್ನು ತಟ್ಟೆಯಲ್ಲಿಟ್ಟು ತಟ್ಟೆಯನ್ನೇ ದೂರ ಸರಿಸಿದರು. "ಕೈ ತೆಗೀರಿ ತಾಯಿ. ಇದನ್ನ ಕಾಯಿಲೆ ಇಲ್ಲದೋರ ಮೈಗೆ ಹಾಕೋ ಹಾಗಿಲ್ಲ. ಬಾಯೆಲ್ಲ ಹುಣ್ಣಾಗುತ್ತೆ, ರಕ್ತ ಕೆಡುತ್ತೆ. ಎರಡು ತಿಂಗಳಿಂದ ಅವರನ್ನ ನೋಡ್ತಿದ್ದೀರಲ್ಲ."

"ಯಾವ ಕಾಯಿಲೆ?" ಎಂದ ಷಡಕ್ಷರಪ್ಪ.

ಕೊಟ್ರಬಸಪ್ಪ ಬಾಗಿಲು ಮುಚ್ಚಿದ.

"ಯಾವ ಕಾಯಿಲೆ ಅಂತ ಕೇಳ್ದೆ."

"ಮುಚ್ಚಿಡೋದು ಬೇಡ ಅಂತ ನಾನು ಮೊದಲ ದಿನವೇ ಅಂದಿದ್ದೆ" ಎಂದರು ಡಾಕ್ಟರು ಬಸವರಾಜೇಶ್ವರಿಗೆ. "ಇನ್ನು ನನ್ನ ಕೈಲಾಗಲ್ಲ. ನೀವು ಹೇಳ್ತೀರೋ, ನಾನು ಹೇಳಲೋ?"

ಅವಳು ಕೈಯನ್ನು ಇನ್ನೂ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದಳು. "ಕ್ಯಾನ್ಸರು ರೀ" ಎಂದಳು.

ಷಡಕ್ಷರಪ್ಪನಿಗೆ ಸಿಟ್ಟು ಬಂತು. "ಐದು ತಿಂಗಳು! ಊರಿಗೆಲ್ಲ ಗೊತ್ತು, ಜಟ್ಟಪ್ಪಂಗೆ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ! ನನ್ನ ಮೈ ಕಣೇ ಇದು!"

"ನಮ್ಮಪ್ಪಂಗೆ ಗಂಟಲಲ್ಲಿ ಆಗಿತ್ತು" ಎಂದಳು ಅವಳು. "ಜ್ವರದಲ್ಲಿ ಸತ್ರು ಅಂತ ನಿಮಗೆ ಹೇಳಿದ್ವಿ, ಅದು ಸುಳ್ಳು. ಡಾಕ್ಟ್ರು ಎದುರಿಗೇ ಹೇಳಿಬಿಟ್ರು. ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದೋರು ಒಂದು ತುತ್ತು ಮುಟ್ಲಿಲ್ಲ. ಹನ್ನೆರಡೇ ದಿನ. ನೀವೂ ಹಂಗೆ ತಿರುಗಿಬಿಟ್ರೆ ನಾನೇನು ಮಾಡ್ಲಿ? ಕೊಟ್ರನ ಹತ್ರ, ಡಾಕ್ಟ್ರ ಹತ್ರ ಆಣೆ ಹಾಕಿಸ್ಕೊಂಡೆ. ತಪ್ಪಾಯ್ತು."

ಷಡಕ್ಷರಪ್ಪನ ಸಿಟ್ಟು ಇಳಿಯಿತು. ಅವಳನ್ನು ಸಿಕ್ಕಿಸಲೆಂದು ತಾನು ಹೂಡಿದ್ದ ಪರೀಕ್ಷೆಗೆ, ಆ ಔಷಧಿ ಎಂಥದ್ದೆಂದು ಚೆನ್ನಾಗಿ ಗೊತ್ತಿದ್ದೂ ಅವಳು ಕೈ ಚಾಚಿ ಕೂತಿದ್ದಳು. ಅವನಿಗೆ ನಾಚಿಕೆಯಾಯಿತು, ನೆಲ ಬಿಟ್ಟು ಬೇರೆಲ್ಲೂ ನೋಡಲಾಗದಷ್ಟು ನಾಚಿಕೆಯಾಯಿತು. ಅವನು ಬಗ್ಗಿ ಅವಳ ಬಳೆಗಳನ್ನು ಮಣಿಕಟ್ಟಿಗೆ ಇಳಿಸಿದ.

"ಏಳು" ಎಂದ. ಅವಳು ಎದ್ದಳು. ಅವನು ಕೂತ.

"ಆಪರೇಷನ್ ದಿನ ಛೆ ಅಂದ್ರಲ್ಲ ಡಾಕ್ಟ್ರೆ, ಯಾಕೆ?"

ಡಾಕ್ಟರು ಅವನನ್ನೇ ನೋಡಿದರು. "ಒಂದು ರಕ್ತನಾಳದ ಗಂಟು ಜಾರ್ತು. ಮತ್ತೆ ಕಟ್ಟಿದೆ. ನಿಮಗೆ ಕೇಳಿಸ್ತಾ?"

"ಎಲ್ಲ ತೆಗೆದ್ರಾ?"

"ಕಣ್ಣಿಗೆ ಕಂಡಿದ್ದೆಲ್ಲ ತೆಗೆದೆ. ಕತ್ತರಿಸಿದ ಅಂಚು ಶುದ್ಧವಾಗಿದೆ ಅಂತ ಬೆಂಗಳೂರಿಂದ ರಿಪೋರ್ಟ್ ಬಂದಿದೆ, ತೋರಿಸ್ತೀನಿ. ಕಣ್ಣಿಗೆ ಕಾಣದ್ದು ಎಲ್ಲಾದ್ರೂ ಉಳಿದಿದ್ರೆ ಅಂತ ಈ ಇಂಜೆಕ್ಷನ್ನು."

"ತಗೊಂಡ್ರೆ ಉಳೀತೀನಾ?"

ಬಾಗಿಲ ಹತ್ತಿರ ಕೊಟ್ರಬಸಪ್ಪ ಏನೋ ಹೇಳಲು ಬಾಯಿ ತೆರೆದ. ಡಾಕ್ಟರು ಕೈಯೆತ್ತಿ ತಡೆದರು.

"ಗೊತ್ತಿಲ್ಲ ಷಡಕ್ಷರಪ್ಪನೋರೆ. ಇದಕ್ಕೆ ಈ ಔಷಧಿ ಹಾಕಿದೋರು ಇನ್ನೂ ಬಹಳ ಕಮ್ಮಿ. ತಗೊಂಡ್ರೆ ಒಳ್ಳೇದು ಅಂತ ನನಗನ್ಸುತ್ತೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ."

ಐದು ತಿಂಗಳಲ್ಲಿ ಆ ಕಟ್ಟಡದಲ್ಲಿ ಅವನು ಕೇಳಿದ ಮಾತುಗಳಲ್ಲಿ ನಂಬಬಹುದು ಅನ್ನಿಸಿದ್ದು ಅದೊಂದೇ. ಅವನು ಅಂಗಿಯ ತೋಳು ಮಡಿಸಿ, ಕಪ್ಪು ಗೆರೆಯಿಲ್ಲದ ಬಲಗೈಯನ್ನು ಮೇಜಿನ ಮೇಲಿಟ್ಟ. ವೇದಾವತಿ ಮೇಲೆ ರಬ್ಬರ್ ಕಟ್ಟಿದಳು. ಸೂಜಿ ಒಳಗೆ ಹೋಯಿತು. ನಿಧಾನವಾಗಿ ಕೊಡಬೇಕಾದ ಔಷಧಿ ಅದು. ಡಾಕ್ಟರು ತಲೆ ಬಗ್ಗಿಸಿ ಒತ್ತುತ್ತಿದ್ದರು.

"ರಾಜೇಶ್ವರಿ" ಎಂದ ಅವನು.

"ಏನ್ರೀ?"

"ಇನ್ಮೇಲೆ ನನಗೆ ಸುಳ್ಳು ಹೇಳ್ಬೇಡ."

"ಇಲ್ಲ ರೀ, ಹೇಳಲ್ಲ."

"ಹಂಗಾದ್ರೆ ಹೇಳು. ಹೆದರಿಕೆ ಆಗ್ತಿದೆಯಾ ನಿನಗೆ?"

ಅವಳು ಅವನ ಇನ್ನೊಂದು ಪಕ್ಕಕ್ಕೆ ಬಂದು ನಿಂತಳು.

"ಆಗ್ತಿದೆ" ಎಂದಳು. "ಬೆಳಿಗ್ಗೆ ಎದ್ದ ಕೂಡ್ಲೆ ಶುರುವಾಗುತ್ತೆ."

"ನನಗೂ" ಎಂದ ಷಡಕ್ಷರಪ್ಪ, ಮತ್ತು ಎಡಗೈಯಿಂದ ಅವಳ ಕೈ ಹುಡುಕಿ ಹಿಡಿದುಕೊಂಡ.